ದೇವರಾಯನದುರ್ಗಕ್ಕೆ ಹೋಗ್ತೀರಾ? ಕಾರು ಕೆಳಗೇ ಬಿಡಿ

ತುಮಕೂರಿಂದ ದೇವರಾಯನದುರ್ಗದ ಬೆಟ್ಟ ಹತ್ತತ್ರ 15 ಕಿಲೋಮೀಟರ್ ಅಷ್ಟೇ, ಅದಕ್ಕೇ ನಮ್ಮೋರು 11 ಗಂಟೆಗೆ ಎದ್ದು ಕಾರಲ್ಲಿ ಸೀದಾ ಮೇಲಕ್ಕೆ ಹೋಗಿ ಸೆಲ್ಫಿ ಹೊಡ್ಕೊಂಡು ಇಳಿದು ಬರ್ತಾರೆ. ಹಂಗ್ ಮಾಡ್ಬೇಡಿ. ಬೆಂಗಳೂರು ಕಡೆಯಿಂದ ಬರೋರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ಕೊಂಡು ಬಿಸಿಲು ಏರೋದ್ರೊಳಗೆ ನಾಮದ ಚಿಲುಮೆ ಸೇರ್ಕೊಳ್ಳಿ.

ಅಲ್ಲಿ ಬಂಡೆಯಲ್ಲಿ ಒಂದು ಸಣ್ಣ ಗುಂಡಿ, ಅದ್ರಲ್ಲಿ ನೀರು. ರಾಮ ಹಣೆಗೆ ನಾಮ ಇಟ್ಕೊಳೋಕೆ ನೀರಿಲ್ದೆ ಬಂಡೆಗೆ ಬಾಣ ಹೊಡೆದ ಅನ್ನೋದು ಕಥೆ. ಪಕ್ಕದಲ್ಲೇ ಜಿಂಕೆಗಳಿವೆ, ಮಕ್ಕಳು ಅಲ್ಲಿಂದ ಕದಲೋದೇ ಇಲ್ಲ. ಕೋತಿಗಳ ಬಗ್ಗೆ ಮಾತ್ರ ಹುಷಾರು, ಪ್ಲಾಸ್ಟಿಕ್ ಕವರ್ ಸದ್ದು ಕೇಳಿದ್ರೆ ಸಾಕು, ಹೋದ್ಸಲ ನಮ್ಮ ಚಿಕ್ಕಮ್ಮನ ಕೈಲಿದ್ದ ಬಾಳೆಹಣ್ಣು ಚಿಪ್ಪಿನ ಸಮೇತ ಹೋಯ್ತು. ತಿಂಡಿ ಜಿಪ್ ಇರೋ ಬ್ಯಾಗಲ್ಲಿರ್ಲಿ.

ಆಮೇಲೆ ಕೆಳಗಿನ ಭೋಗನರಸಿಂಹನ ದೇವಸ್ಥಾನದ ಹತ್ರ ಗಾಡಿ ಬಿಟ್ಟು ಯೋಗನರಸಿಂಹನ ಹತ್ರಕ್ಕೆ ನಡ್ಕೊಂಡೇ ಹೋಗಿ. ಹಿಡಿತ ಇರೋ ಶೂ, ತಲೆಗೆ ಟೋಪಿ, ಒಬ್ಬೊಬ್ರಿಗೂ 2 ಲೀಟರ್ ನೀರು. ಗದ್ದಲ ಮಾಡ್ದೆ ಹೋದ್ರೆ ಬಂಡೆ ಸಂದಿ ಪೊದೆಗಳಲ್ಲಿ ಹಳದಿ ಕತ್ತಿನ ಪಿಕಳಾರ ಸಿಗಬಹುದು, ಎಲ್ಲಾ ಕಡೆ ಕಾಣೋ ಹಕ್ಕಿ ಅಲ್ಲ ಅದು. ಚಿರತೆ, ಕರಡಿನೂ ಇರೋ ಕಾಡು, ಕಾಲುದಾರಿ ಬಿಟ್ಟು ಒಳಗೆ ನುಗ್ಬೇಡಿ, ಕತ್ತಲಾಗೋ ಮುಂಚೆ ಇಳೀರಿ. ಫೆಬ್ರವರಿ ಮಾರ್ಚಲ್ಲಿ ಹುಲ್ಲು ಒಣಗಿ ನಿಂತಿರುತ್ತೆ, ಬೀಡಿ ಸಿಗರೇಟು ಹಚ್ಚಲೇಬೇಡಿ ದಯವಿಟ್ಟು.

ಮೇಲೆ ನಿಂತು ಒಂದು ಸಲ ಸುತ್ತ ನೋಡಿ: ಶಿಂಷಾ, ಜಯಮಂಗಲಿ ಎರಡೂ ನದಿ ಹುಟ್ಟೋದು ಈ ಬೆಟ್ಟಸಾಲಲ್ಲೇ, ಶಿಂಷಾ ಕಾವೇರಿ ಸೇರ್ಕೊಂಡ್ರೆ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ನದಿ ಸೇರುತ್ತೆ. ನಂಗೆ ಗೋಪುರಕ್ಕಿಂತ ಇದೇ ದೊಡ್ಡದು ಅನ್ಸುತ್ತೆ.

ಮಾರನೇ ದಿನ ರಜಾ ಇದ್ರೆ ಶಿರಾ ಕಡೆ ಹೋಗಿ, ಅದು ಕುರಿ, ದನ ಕಾಯೋ ಕಾಡುಗೊಲ್ಲ ಸಮುದಾಯದ ಸೀಮೆ. ಅವರ ದೇವರು ಜುಂಜಪ್ಪನ ಕಥೆ ಹಾಡೋವಾಗ ನುಡಿಸೋದು ಗಣೆ, ಉದ್ದನೆ ಬಿದಿರು ಕೊಳಲು. ಆದ್ರೆ ಅವರ ಹಟ್ಟಿ ಅಂದ್ರೆ ಜನ ಬದುಕ್ತಿರೋ ಜಾಗ, ಟೂರಿಸ್ಟ್ ಸ್ಪಾಟ್ ಅಲ್ಲ. ಪರಿಚಯದೋರ ಜೊತೆ ಹೋಗಿ, ಒಳಗೆ ಕಾಲಿಡೋ ಮುಂಚೆ ಹಿರಿಯರನ್ನ ಕೇಳಿ, ಗುಡಿ ಹತ್ರ ಚಪ್ಪಲಿ ಎಲ್ಲಿ ಬಿಡ್ಬೇಕು ಅಂತಾನೂ ಅವರೇ ಹೇಳ್ತಾರೆ. ಯಾರಾದ್ರೂ ಗಣೆ ಹಿಡಿದು ಕೂತ್ರೆ ಅವರು ನಿಲ್ಸೋ ತನಕ ಮೊಬೈಲ್ ಜೇಬಲ್ಲೇ ಇರ್ಲಿ.