ಎಮನ್, ಎಮರ್, ನಾಮ: ಅಲ್ಬೇನಿಯನ್ ಕಲಿಕೆಯಲ್ಲಿ ನನ್ನ ಅನುಭವ

ನಾನು ಅಲ್ಬೇನಿಯನ್ ಕಲಿಯತೊಡಗಿದ್ದು ಶಿಷ್ಟ ಭಾಷೆಯ ವ್ಯಾಕರಣದಿಂದ. 1972ರಲ್ಲಿ ಅಲ್ಬೇನಿಯಾದ ರಾಜಧಾನಿ ತಿರಾನಾದಲ್ಲಿ ಸೇರಿದ ಕಾಗುಣಿತ ಸಮ್ಮೇಳನವು ನೆಲೆಗೊಳಿಸಿದ ಈ ರೂಪಕ್ಕೆ ದಕ್ಷಿಣದ ತೊಸ್ಕ್ ಉಪಭಾಷೆಯೇ ಮುಖ್ಯ ಆಧಾರ. ಹೀಗಾಗಿ ದೇಶದ ನಡುವೆ ಹರಿಯುವ ಶ್ಕುಂಬಿನ್ ನದಿಯ ಉತ್ತರದಲ್ಲಿಯೂ ನೆರೆಯ ಕೊಸೊವೊದಲ್ಲಿಯೂ ಆಡುವ ಗೆಗ್ ಉಪಭಾಷೆಯನ್ನು ಮೊದಲ ಬಾರಿ ಕೇಳಿದಾಗ, ಅದರ ಅನುನಾಸಿಕ ಸ್ವರಗಳ ನಡುವೆ ನಾನು ಬಲ್ಲ ಪದಗಳೇ ನನಗೆ ಗುರುತು ಸಿಗಲಿಲ್ಲ.

ಆಗ ಒಂದು ನೋಟುಪುಸ್ತಕದಲ್ಲಿ ಎರಡೂ ಉಪಭಾಷೆಗಳ ಪದಗಳನ್ನು ಎದುರುಬದುರಾಗಿ ಬರೆಯುತ್ತ ಹೋದೆ. 'ಹೆಸರು' ಎಂಬುದಕ್ಕೆ ಗೆಗ್‌ನಲ್ಲಿ 'ಎಮನ್', ತೊಸ್ಕ್‌ನಲ್ಲಿ 'ಎಮರ್'. 'ಚಳಿಗಾಲ'ಕ್ಕೆ 'ದಿಮನ್', 'ದಿಮರ್'. ಸ್ವರಗಳ ನಡುವಿನ ನಕಾರವು ತೊಸ್ಕ್‌ನಲ್ಲಿ ರಕಾರವಾಗಿದೆ ಎಂಬ ನಿಯಮ ಒಂದೆರಡು ಪುಟ ತುಂಬುವಷ್ಟರಲ್ಲಿ ತಾನಾಗಿಯೇ ಕಾಣಿಸಿತು. ನನಗೆ ನಿಜವಾದ ಸಂತೋಷವಾದದ್ದು ಅದರ ಪಕ್ಕದಲ್ಲಿ ಸಂಸ್ಕೃತಕ್ಕೆಂದು ಮೂರನೆಯ ಸಾಲನ್ನು ಎಳೆದಾಗ. 'ಎಮನ್' ನಮ್ಮ 'ನಾಮ'ದ ಬಂಧು, 'ದಿಮನ್' ನಮ್ಮ 'ಹೇಮಂತ'ದ ಬಂಧು; ಮೂಲದ ನಕಾರವನ್ನು ಉಳಿಸಿಕೊಂಡದ್ದು ನಾನು ಅಷ್ಟು ದಿನ ಕಷ್ಟವೆಂದು ದೂರವಿಟ್ಟಿದ್ದ ಗೆಗ್ ಉಪಭಾಷೆಯೇ ಆಗಿತ್ತು. ಅಲ್ಬೇನಿಯನ್ ಸಂಸ್ಕೃತವೂ ಸೇರಿರುವ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದ್ದೆಂದು ಜರ್ಮನ್ ಭಾಷಾವಿಜ್ಞಾನಿ ಫ್ರಾಂಜ್ ಬಾಪ್ 1854ರಲ್ಲಿ ತೋರಿಸಿದ್ದನ್ನು ಓದಿದ್ದೆನಾದರೂ, ಅದು ಮನಸ್ಸಿಗೆ ಇಳಿದದ್ದು ಆ ಪುಟದಿಂದ.

ಎರವಲು ಪದಗಳನ್ನು ಸೇರಿಸಿದಾಗ ಇದೇ ನಿಯಮ ಕಾಲವನ್ನೂ ಅಳೆಯತೊಡಗಿತು. ಲ್ಯಾಟಿನ್‌ನ 'ಫೆಮಿನಾ' ತೊಸ್ಕ್‌ನಲ್ಲಿ 'ಫೆಮರ್' ಆಗಿದೆ. ಆದರೆ ತುರ್ಕಿಯಿಂದ ಬಂದ 'ದ್ಯುಚಾನ್', ಅಂದರೆ ನಮ್ಮ 'ದುಕಾನು', ನಕಾರವನ್ನು ಬಿಟ್ಟುಕೊಟ್ಟಿಲ್ಲ. ಬದಲಾವಣೆಯು ಲ್ಯಾಟಿನ್ ಪದಗಳು ಸೇರಿದ ಮೇಲೆ, ತುರ್ಕಿ ಪದಗಳು ಬರುವುದಕ್ಕೆ ಬಹಳ ಮೊದಲೇ ಮುಗಿದಿತ್ತು. ಬಾಲ್ಕನ್ ಪ್ರದೇಶದ ಪ್ರಾಚೀನ ಇಲಿರಿಯನ್ ಭಾಷೆಯೇ ಅಲ್ಬೇನಿಯನ್ನಿನ ತಾಯಿ ಎಂಬ ವಾದವನ್ನು ಹೀಗೆ ಪರೀಕ್ಷಿಸಲಾಗುವುದಿಲ್ಲ, ಏಕೆಂದರೆ ಇಲಿರಿಯನ್‌ನಿಂದ ಉಳಿದಿರುವುದು ಬಹುಪಾಲು ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳು ಮಾತ್ರ.

ಕೊನೆಗೆ ಅಲ್ಬೇನಿಯಾದ ದುರಸ್ ನಗರದ ಆರ್ಚ್‌ಬಿಷಪ್ ಪಾಲ್ ಎಂಜಲಿ 1462ರಲ್ಲಿ ಬರೆಸಿದ ದೀಕ್ಷಾಸ್ನಾನದ ವಾಕ್ಯಕ್ಕೆ ಬಂದೆ. ಕಾಲ ಖಚಿತವಿರುವ ಅಲ್ಬೇನಿಯನ್ ಬರಹಗಳಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯದು ಅದೇ. 'ತಂದೆಯ ಹೆಸರಿನಲ್ಲಿ' ಎನ್ನಲು ಅಲ್ಲಿ 'ಪ್ರೆಮೆನಿತ್ ಆತಿತ್' ಎಂದಿದೆ. ನಿಘಂಟಿನ ನೆರವಿಲ್ಲದೆ, ಆ ಮೊದಲ ಪದದ ನಡುವೆ 'ಎಮನ್' ನನಗೆ ಕಂಡಿತು.