ತರಬೇತಿ ಬ್ಯಾಚ್ ಶುರು ಮಾಡುವ ಮುನ್ನ ಹಾಕಬೇಕಾದ ಲೆಕ್ಕಗಳು

ಕೆಲಸಕ್ಕೆ ಸೇರಿಸುವ ತರಬೇತಿ ನಡೆಸುವುದಾದರೆ ಮೊದಲು ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಉದ್ಯಮಗಳನ್ನು ಪಟ್ಟಿ ಮಾಡಿ. ಕೆಲಸಕ್ಕೆ ದಿನಾ ಹೋಗಿಬರುವ ದೂರವೇ ನಿಮ್ಮ ಪ್ರದೇಶದ ಗಡಿ, ಆಡಳಿತದ ನಕ್ಷೆಗೂ ಅದಕ್ಕೂ ಸಂಬಂಧವಿಲ್ಲ. ಪಟ್ಟಿಯಲ್ಲಿ ಹದಿನೈದಿಪ್ಪತ್ತು ಕಡೆ ಹೋಗಿ, ಮಾಲೀಕರಿಗಿಂತ ಮೊದಲು ಸೂಪರ್‌ವೈಸರನ್ನು ಮಾತಾಡಿಸಿ. ಮುಂದೆ ಎಷ್ಟು ಜನ ಬೇಕಾಗಬಹುದು ಎಂದು ಕೇಳಿದರೆ ಎಲ್ಲರೂ ಧಾರಾಳವಾಗಿ ಒಂದು ಸಂಖ್ಯೆ ಹೇಳಿಬಿಡುತ್ತಾರೆ, ಅದನ್ನು ನಂಬಿ ಕೂರಬೇಡಿ. ಕೇಳಬೇಕಾದ್ದು ಬೇರೆ: ಕಳೆದ ಆರು ತಿಂಗಳಲ್ಲಿ ಈ ಕೆಲಸಕ್ಕೆ ಎಷ್ಟು ಜನರನ್ನು ತೆಗೆದುಕೊಂಡಿರಿ, ಮೂರು ತಿಂಗಳೊಳಗೆ ಎಷ್ಟು ಜನ ಬಿಟ್ಟರು, ಯಾಕೆ ಬಿಟ್ಟರು, ಸೇರಿಸಿಕೊಳ್ಳುವ ಮುನ್ನ ಏನು ಮಾಡಿಸಿ ನೋಡಿದಿರಿ? ಸಂಬಳ ಸಾಲದೆಯೋ ರಾತ್ರಿ ಪಾಳಿ ತಡೆಯಲಾಗದೆಯೋ ಜನ ಓಡಿಹೋಗುತ್ತಿದ್ದರೆ ಅದಕ್ಕೆ ತರಬೇತಿ ಮದ್ದಲ್ಲ. ಅಂಥ ಉದ್ಯಮದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ.

ಪಠ್ಯಕ್ರಮ ಬರೆಯುವ ಮೊದಲೇ ಕೊನೆಯ ಪರೀಕ್ಷೆ ಏನೆಂದು ನಿಗದಿಯಾಗಬೇಕು. ವೆಲ್ಡರ್ ಕೆಲಸವನ್ನೇ ತೆಗೆದುಕೊಳ್ಳಿ. 10 ಮಿ.ಮೀ. ದಪ್ಪದ ಎರಡು ಮೈಲ್ಡ್ ಸ್ಟೀಲ್ ಪ್ಲೇಟುಗಳನ್ನು ಅಂಚಿಗೆ ಅಂಚು ಜೋಡಿಸಿ ವೆಲ್ಡ್ ಮಾಡಿಸಿ, ಅದರಿಂದ ಪಟ್ಟಿ ಕತ್ತರಿಸಿ 180 ಡಿಗ್ರಿ ಬಗ್ಗಿಸಿ. ಬಗ್ಗಿದ ಮೈಯಲ್ಲಿ 3 ಮಿ.ಮೀ.ಗಿಂತ ದೊಡ್ಡ ಬಿರುಕು ಬಾಯಿಬಿಟ್ಟರೆ ಫೇಲು. ಒಳಗೆ ಸಿಕ್ಕಿಕೊಂಡ ಸ್ಲ್ಯಾಗ್ (ರಾಡಿನ ಲೇಪ ಕರಗಿ ಗಟ್ಟಿಯಾದ ಕಿಟ್ಟ), ಸರಿಯಾಗಿ ಕರಗಿ ಕೂಡದ ಜೋಡಣೆಯ ಬುಡ, ಎಲ್ಲವೂ ಇಲ್ಲಿ ಬಯಲಾಗುತ್ತವೆ. ಮೇಲಿನ ಅಂದ ನೋಡಿ ಪಾಸು ಮಾಡಿದರೆ ಹುಡುಗ ಮೊದಲ ವಾರದಲ್ಲೇ ವಾಪಸು ಬರುತ್ತಾನೆ. ಪರೀಕ್ಷಕರಾಗಿ ಅದೇ ಸೂಪರ್‌ವೈಸರನ್ನು ಕೂರಿಸಿ.

ಬಜೆಟ್ ಸೋರುವುದು ಸಾಮಗ್ರಿಯಲ್ಲಿ. 3.15 ಮಿ.ಮೀ. ದಪ್ಪದ 6013 (ಮೈಲ್ಡ್ ಸ್ಟೀಲಿಗೆ ಬಳಸುವ ಒಂದು ಬಗೆಯ ವೆಲ್ಡಿಂಗ್ ರಾಡ್) ಒಂದಕ್ಕೆ ಸುಮಾರು 30 ಗ್ರಾಂ ತೂಕ. ಒಬ್ಬ ಅಭ್ಯರ್ಥಿ ದಿನಕ್ಕೆ 25 ರಾಡ್ ಸುಟ್ಟರೆ 60 ದಿನಕ್ಕೆ 1500 ರಾಡ್, ಅಂದರೆ 45 ಕೆ.ಜಿ. ಇಪ್ಪತ್ತು ಜನರ ಬ್ಯಾಚಿಗೆ 900 ಕೆ.ಜಿ.! ಪ್ರಸ್ತಾವನೆಯಲ್ಲಿ ಪ್ರೊಜೆಕ್ಟರಿಗೆ ಹಣ ಇಟ್ಟು ರಾಡಿಗೆ ಕೈ ಬಿಗಿಹಿಡಿದ ಕಡೆ ಮೂರನೇ ವಾರದಿಂದ ಕಲಿಯುವವರು ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಒಂದು ಮಷಿನ್ನಿಗೆ ಇಬ್ಬರಿಗಿಂತ ಹೆಚ್ಚು ಬೇಡ. ರಾಡ್ ಪ್ಯಾಕೆಟ್ ತೆರೆದಿಟ್ಟು ತೇವ ಹಿಡಿಸಿದರೆ ವೆಲ್ಡಿನಲ್ಲಿ ಸಣ್ಣ ತೂತುಗಳು ಏಳುತ್ತವೆ, ಕಲಿಯುವವನು ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಕರೆಂಟು ಏರಿಸುತ್ತ ಹೋಗುತ್ತಾನೆ. ಈ ಅಳತೆಯ ರಾಡಿಗೆ 90ರಿಂದ 130 ಆಂಪಿಯರ್ ಸಾಕು.

ಮಷಿನ್ ಕೊಳ್ಳಲು ಹಣವಿಲ್ಲದಿದ್ದರೆ ಕಾರ್ಖಾನೆಯಲ್ಲೇ ಜಾಗ ಕೇಳಿ. ಇದಕ್ಕೆ ಜರ್ಮನಿಯ ದ್ವಿಮುಖ ಪದ್ಧತಿ ಮಾದರಿ: ಅಲ್ಲಿ ಅಪ್ರೆಂಟಿಸ್ ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿಯಲ್ಲಿ, ಉಳಿದ ಒಂದೆರಡು ದಿನ ಶಾಲೆಯಲ್ಲಿ ಕಲಿಯುತ್ತಾನೆ.

ಮಧ್ಯದಲ್ಲಿ ಬಿಟ್ಟುಹೋಗುವವರನ್ನು ಸೋಮಾರಿಗಳೆಂದು ಬರೆದುಕೊಳ್ಳುವುದು ಸುಲಭ. ಹೆಚ್ಚಿನವರನ್ನು ಎಳೆದೊಯ್ಯುವುದು ತಪ್ಪಿದ ದಿನಗೂಲಿ, ಮಗುವನ್ನು ನೋಡಿಕೊಳ್ಳುವವರಿಲ್ಲದ ಮನೆ, ಬಸ್ ಚಾರ್ಜು. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ 1992ರಲ್ಲಿ ಹುಟ್ಟಿದ ‘ಪ್ರಾಜೆಕ್ಟ್ ಕ್ವೆಸ್ಟ್’ ಎಂಬ ಉದ್ಯೋಗ ತರಬೇತಿ ಕಾರ್ಯಕ್ರಮ ಶುಲ್ಕಕ್ಕೆ ನೆರವಾಗುವುದರ ಜೊತೆಗೆ ವಾರವಾರ ಸಲಹೆಗಾರರ ಭೇಟಿಯನ್ನೂ ಇಟ್ಟಿದೆ. ಅಷ್ಟು ಮಾಡಲಾಗದಿದ್ದರೂ ಎರಡು ದಿನ ಬಾರದವರಿಗೆ ಮೂರನೇ ದಿನ ಬೆಳಿಗ್ಗೆ ಫೋನು ಹೋಗಲೇಬೇಕು.

ಹಂಚಿದ ಪ್ರಮಾಣಪತ್ರಗಳ ಸಂಖ್ಯೆ ವರದಿಗೆ ಮಾತ್ರ. ಕೆಲಸಕ್ಕೆ ಸೇರಿದ 90ನೇ ದಿನ ಮತ್ತು 180ನೇ ದಿನ ಎಷ್ಟು ಜನ ಉಳಿದಿದ್ದಾರೆ ಎಂದು ನೋಡಿ. ಎರಡೇ ವಾರಕ್ಕೆ ಬಿಟ್ಟಿದ್ದರೆ ಆಯ್ಕೆಯ ಹೊತ್ತಿನಲ್ಲಿ ಬಿಸಿ, ಹೊಗೆ, ನಿಂತೇ ಮಾಡುವ ಕೆಲಸವನ್ನು ಕಣ್ಣಾರೆ ತೋರಿಸಿರಲಿಲ್ಲ ಎಂದರ್ಥ. ಮುಂದಿನ ಬ್ಯಾಚಿಗೆ ಪ್ರವೇಶ ಕೊಡುವ ಮೊದಲೇ ಅಭ್ಯರ್ಥಿಗಳನ್ನು ಒಂದು ಇಡೀ ಪಾಳಿ ಕಾರ್ಖಾನೆಯಲ್ಲಿ ನಿಲ್ಲಿಸಿ. ಬಿಟ್ಟ ಕಾರಣವನ್ನು ಕೆಲಸಗಾರನಲ್ಲೂ ಸೂಪರ್‌ವೈಸರಲ್ಲೂ ಬೇರೆಬೇರೆಯಾಗಿ ಕೇಳಿ. ಆರು ತಿಂಗಳಲ್ಲಿ ಸಿಮ್ ಬದಲಾಗಿರುತ್ತದೆ, ಆದ್ದರಿಂದ ಪ್ರವೇಶದ ದಿನವೇ ಮನೆಯ ಇನ್ನೊಬ್ಬರ ನಂಬರನ್ನೂ ಬರೆದುಕೊಂಡಿರಿ.