ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಕ್ರಮ

ಮನೆಯ ವಿದ್ಯುತ್ ಮತ್ತೆ ಮತ್ತೆ ಕಡಿದುಹೋಗುತ್ತಿದ್ದರೆ, ಮನೆಯ ಎಲ್ಲ ಲೈನುಗಳ ಸ್ವಿಚ್ಚುಗಳಿರುವ ಡಿಬಿ ಬಾಕ್ಸಿನಲ್ಲಿ ಬಿದ್ದಿರುವುದು, ಅಂದರೆ ತಾನಾಗಿ ಆಫ್ ಆಗಿರುವುದು, ಯಾವುದು ಎಂಬುದನ್ನು ಮೊದಲು ಗಮನಿಸಬೇಕು. ಸಾಲಾಗಿ ಕಾಣುವ ಕಿರಿದಾದ ಸ್ವಿಚ್ಚುಗಳು ಎಂಸಿಬಿಗಳು. ಅವುಗಳಿಗಿಂತ ಅಗಲವಾಗಿದ್ದು, ಮುಖದ ಮೇಲೆ ಟೆಸ್ಟ್ ಗುಂಡಿ ಇರುವುದು ಆರ್‌ಸಿಸಿಬಿ. ಹಲವು ಎಲೆಕ್ಟ್ರಿಷಿಯನ್ನರು ಇದನ್ನು ಇಂದಿಗೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ತಂತಿಯಲ್ಲಿ ಮಿತಿಮೀರಿ ವಿದ್ಯುತ್ ಹರಿದಾಗ ಎಂಸಿಬಿ ಬೀಳುತ್ತದೆ. ಹರಿದ ವಿದ್ಯುತ್ತಿನಲ್ಲಿ ಒಂದು ಪಾಲು, ಅದು ವಾಪಸಾಗುವ ತಂತಿಯಾದ ನ್ಯೂಟ್ರಲ್‌ನಲ್ಲಿ ಮರಳದೆ ನೆಲಕ್ಕೆ ಸೋರಿದಾಗ ಆರ್‌ಸಿಸಿಬಿ ಬೀಳುತ್ತದೆ. ಈ ವ್ಯತ್ಯಾಸ ತಿಳಿಯದೆ ಹುಡುಕಲು ಹೊರಟರೆ ದೋಷವೇ ಇಲ್ಲದ ಕಡೆ ದಿನವಿಡೀ ತಡಕಾಡಬೇಕಾಗುತ್ತದೆ.

ಸುಟ್ಟ ವಾಸನೆ ಬರುತ್ತಿದ್ದರೆ, ಸ್ವಿಚ್ ಬೋರ್ಡ್ ಬಿಸಿಯಾಗಿದ್ದರೆ ಅಥವಾ ಸಾಕೆಟ್ ಕಪ್ಪಾಗಿದ್ದರೆ ಪರೀಕ್ಷೆಗೆ ಇಳಿಯದೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಇಲ್ಲಿ ಮನೆಯವರು ಮಾಡಬಹುದೆಂದು ಹೇಳಿರುವುದೆಲ್ಲ ಒಣ ಕೈಯಲ್ಲಿ, ಒಣ ನೆಲದ ಮೇಲೆ ನಿಂತು, ಸ್ವಿಚ್ಚು ಮತ್ತು ಪ್ಲಗ್ಗುಗಳಿಂದಲೇ ಮುಗಿಯುವ ಕೆಲಸ. ಡಿಬಿ ಬಾಕ್ಸಿನ ಮುಚ್ಚಳ ಬಿಚ್ಚುವುದು ಮನೆಯವರ ಕೆಲಸವಲ್ಲ.

ಬಿದ್ದಿರುವುದು ಎಂಸಿಬಿಯಾದರೆ, ಅದು ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಎತ್ತಿದ ಕೂಡಲೇ ಟಕ್ಕನೆ ಬಿದ್ದರೆ ಶಾರ್ಟ್ ಆಗಿದೆಯೆಂದೇ ತಿಳಿಯಬೇಕು. ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ದೀಪ ಮತ್ತು ಫ್ಯಾನಿನ ಸ್ವಿಚ್ಚುಗಳನ್ನೂ ಆಫ್ ಮಾಡಿ ಒಮ್ಮೆ ಮಾತ್ರ ಎತ್ತಿ ನೋಡಿ. ಆಗಲೂ ಬಿದ್ದರೆ ದೋಷ ವೈರಿಂಗ್‌ನಲ್ಲಿದೆ: ಗೋಡೆಗೆ ಹೊಡೆದ ಮೊಳೆ, ಅಟ್ಟದಲ್ಲಿ ಇಲಿ ಕಡಿದ ತಂತಿ, ಬೋರ್ಡಿನೊಳಗೆ ಸಿಕ್ಕಿಕೊಂಡ ಹಲ್ಲಿ, ಇವೆಲ್ಲ ಸಾಮಾನ್ಯ ಕಾರಣಗಳು. ಬೀಳದಿದ್ದರೆ ಉಪಕರಣಗಳನ್ನು ಒಂದೊಂದಾಗಿ ಹಾಕುತ್ತ ಹೋದಾಗ ದೋಷವಿರುವುದು ತಾನಾಗಿ ಸಿಗುತ್ತದೆ.

ಸ್ವಲ್ಪ ಹೊತ್ತು ನಡೆದು ಆಮೇಲೆ ಬೀಳುವುದಾದರೆ ಲೋಡ್ ಹೆಚ್ಚಾಗಿರುವ ಸಂಭವವೇ ಹೆಚ್ಚು. 230 ವೋಲ್ಟ್ ಪೂರೈಕೆಯಲ್ಲಿ 2000 ವಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅಷ್ಟೇ ವಾಟ್‌ನ ಇಂಡಕ್ಷನ್ ಒಲೆ ಇನ್ನೊಂದು 8.7, 1000 ವಾಟ್‌ನ ಇಸ್ತ್ರಿಪೆಟ್ಟಿಗೆ 4.3. ಮೂರೂ ಒಂದೇ 16 ಆಂಪಿಯರ್ ಎಂಸಿಬಿಯ ಮೇಲೆ ಬಂದರೆ ಒಟ್ಟು 21.7 ಆಂಪಿಯರ್. ಇಷ್ಟು ಹೆಚ್ಚಳಕ್ಕೆ ಎಂಸಿಬಿ ತಕ್ಷಣ ಬೀಳುವುದಿಲ್ಲ. ಒಳಗಿನ ಲೋಹದ ಪಟ್ಟಿ ಕಾದು ಬಾಗಲು ಸಮಯ ಬೇಕು. ಬೆಳಗಿನ ಗಡಿಬಿಡಿಯಲ್ಲಿ ಮಾತ್ರ ಕರೆಂಟು ಹೋಗುವ ಮನೆಗಳಲ್ಲಿ ಬಹುಪಾಲು ಇದೇ ಕಾರಣ. ಲೋಡ್ ಕಡಿಮೆಯಿದ್ದರೂ ಹೀಗೆ ಆಗುತ್ತಿದ್ದರೆ ಎಂಸಿಬಿಯ ಸ್ಕ್ರೂ ಸಡಿಲವಾಗಿ, ಆ ಬಿಸಿಯೇ ಅದನ್ನು ಬೀಳಿಸುತ್ತಿರಬಹುದು. ಮೋಟಾರ್ ಆನ್ ಮಾಡಿದ ಕ್ಷಣಕ್ಕೆ ಮಾತ್ರ ಬೀಳುವುದಾದರೆ ಎಂಸಿಬಿಯ ಮೇಲಿನ ಅಕ್ಷರವನ್ನು ನೋಡಿ: ‘ಬಿ’ ಮಾದರಿಯದು ತನ್ನ ಆಂಪಿಯರ್ ಅಳತೆಯ 3ರಿಂದ 5 ಪಟ್ಟು ವಿದ್ಯುತ್ ಹರಿದಾಗ ತಕ್ಷಣ ಬೀಳುತ್ತದೆ, ‘ಸಿ’ ಮಾದರಿಯದು 5ರಿಂದ 10 ಪಟ್ಟು ಹರಿದಾಗ. ಶುರುವಾಗುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ ಎಳೆಯುವ ಮೋಟಾರಿಗೆ ‘ಸಿ’ ಸೂಕ್ತ.

16ರ ಬದಲು 32 ಆಂಪಿಯರ್‌ನದನ್ನು ಹಾಕಿಸಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. 16 ಆಂಪಿಯರ್ ಲೈನಿಗೆ ಸಾಮಾನ್ಯವಾಗಿ ಎಳೆದಿರುವುದು 2.5 ಚದರ ಮಿಲಿಮೀಟರ್ ತಂತಿ. ಎಂಸಿಬಿ ಇರುವುದು ಆ ತಂತಿಯನ್ನು ಕಾಯಲು. ದೊಡ್ಡದನ್ನು ಹಾಕಿದ ಮೇಲೆ ಗೋಡೆಯೊಳಗೆ ತಂತಿಯ ಹೊದಿಕೆ ಕರಗಿದರೂ ಅದು ಬೀಳದೆ ಇರಬಹುದು.

ಆರ್‌ಸಿಸಿಬಿಯ ದೋಷ ಹುಡುಕುವುದು ಇದಕ್ಕಿಂತ ಕಷ್ಟ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು, ಅಂದರೆ ಬಹಳ ಸಣ್ಣ ಸೋರಿಕೆಯೂ ಅದನ್ನು ಬೀಳಿಸಬಲ್ಲದು. ಎಲ್ಲ ಎಂಸಿಬಿಗಳನ್ನೂ ಇಳಿಸಿ ಆರ್‌ಸಿಸಿಬಿಯನ್ನು ಎತ್ತಿ, ಬಳಿಕ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನ ಪ್ಲಗ್ಗುಗಳನ್ನು ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಅದು ವಿದ್ಯುತ್ ಬರುವ ಫೇಸ್ ತಂತಿಯನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಜೋಡಣೆ ಹಾಗೆಯೇ ಉಳಿಯುತ್ತದೆ. ಗೀಸರಿನ ಕಾಯಿಲ್, ವಾಷಿಂಗ್ ಮಷೀನು, ಸಂಪಿನ ಮೋಟಾರು, ಗೇಟಿನ ದೀಪ, ಈ ನಾಲ್ಕನ್ನು ಮೊದಲು ಅನುಮಾನಿಸಿ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದಲ್ಲಿ ಮಾತ್ರ ಕಾಡಿ ಬಿಸಿಲು ಬಂದೊಡನೆ ಮಾಯವಾಗುವ ದೋಷಕ್ಕೆ ಹೊರಗಿನ ದೀಪಗಳು ಮತ್ತು ತೇವ ಹಿಡಿದ ಗೋಡೆಯ ಬೋರ್ಡುಗಳೇ ಸಾಮಾನ್ಯವಾಗಿ ಕಾರಣ.

ಆದರೆ ಈ ವಿಧಾನ ಒಂದು ಸಂದರ್ಭದಲ್ಲಿ ದಾರಿ ತಪ್ಪಿಸುತ್ತದೆ. ಅಡುಗೆಮನೆ ಲೈನಿನ ನ್ಯೂಟ್ರಲ್ ಎಲ್ಲೋ ನೆಲಕ್ಕೆ ಜೋಡಿಸಿದ ತಂತಿಯಾದ ಅರ್ತ್‌ಗೆ ತಗುಲಿದೆ ಎಂದುಕೊಳ್ಳಿ. ಒಂಟಿ ಪೋಲಿನ ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲವಾದ್ದರಿಂದ, ಅಡುಗೆಮನೆಯ ಎಂಸಿಬಿ ಇಳಿಸಿದ್ದರೂ ಆ ದೋಷ ಹಾಗೆಯೇ ಉಳಿದಿರುತ್ತದೆ. ಈಗ ಮಲಗುವ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದರೆ ಅದರ ವಿದ್ಯುತ್ತಿನ ಒಂದು ಪಾಲು ಅಡುಗೆಮನೆಯ ನ್ಯೂಟ್ರಲ್ ಮೂಲಕ ನೆಲಕ್ಕೆ ಹೋಗಿ ಆರ್‌ಸಿಸಿಬಿ ಬೀಳುತ್ತದೆ. ತಪ್ಪಿಲ್ಲದ ಇಸ್ತ್ರಿಪೆಟ್ಟಿಗೆ ರಿಪೇರಿ ಅಂಗಡಿ ಸೇರುತ್ತದೆ. ಆದ್ದರಿಂದ ಯಾವ ಕೋಣೆಯಲ್ಲಿ ದೊಡ್ಡ ಲೋಡ್ ಹಾಕಿದರೂ ಬೀಳುತ್ತಿದ್ದರೆ, ಅಥವಾ ಎಲ್ಲ ಎಂಸಿಬಿ ಇಳಿಸಿದಾಗಲೂ ಬೀಳುತ್ತಿದ್ದರೆ, ನ್ಯೂಟ್ರಲ್–ಅರ್ತ್ ದೋಷವನ್ನು ಪರೀಕ್ಷಿಸುವಂತೆ ಎಲೆಕ್ಟ್ರಿಷಿಯನ್ನನಿಗೆ ಸ್ಪಷ್ಟವಾಗಿ ಹೇಳಿ. ಅವರು ಮೇನ್ ಆಫ್ ಮಾಡಿ, ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಡಿಸಿ, ತಂತಿಯಿಂದ ಸೋರಿಕೆ ಇದೆಯೇ ಎಂದು ತೋರಿಸುವ ಉಪಕರಣವಾದ ಮೆಗ್ಗರ್‌ನಿಂದ ಅಳೆಯಬೇಕು. ಯುಪಿಎಸ್ ಹಾಕಿಸಿದ ಬಳಿಕ ತೊಂದರೆ ಶುರುವಾಗಿದ್ದರೆ ಅದನ್ನೂ ತಿಳಿಸಿ. ಯುಪಿಎಸ್ ಲೈನಿನ ನ್ಯೂಟ್ರಲನ್ನು ಆರ್‌ಸಿಸಿಬಿಯ ಹೊರಗಿನ ನ್ಯೂಟ್ರಲ್ ಜೊತೆ ಸೇರಿಸಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಬೇಸತ್ತು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಿದ ಮನೆಗಳು ಕಡಿಮೆಯೇನಿಲ್ಲ. ಅಂಥಲ್ಲಿ ಸೋರಿಕೆ ನಿಲ್ಲುವುದಿಲ್ಲ, ಅದು ಗೀಸರಿನ ನೀರಿನಲ್ಲಿ ಕೈಗೆ ತಾಗುವವರೆಗೂ ಯಾರಿಗೂ ತಿಳಿಯುವುದಿಲ್ಲ. ದೋಷ ಸರಿಯಾದ ಮೇಲೆ ಕರೆಂಟು ಇರುವಾಗ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ, ತಿಂಗಳಿಗೊಮ್ಮೆ ಹಾಗೆ ಮಾಡಿ. ಒತ್ತಿದರೂ ಬೀಳದಿದ್ದರೆ ಆ ಆರ್‌ಸಿಸಿಬಿಯನ್ನು ಬದಲಿಸಲೇಬೇಕು.